ಸೊಪ್ಪು, ಗಡ್ಡೆ ಮತ್ತು ನಮ್ಮ ಕೇರಿಯ ರಕ್ತ

ಪೋಸ್ಟ್ ಉದ್ದ ಇದೆ. ಈಗ ಪುರುಸೊತ್ತಿಲ್ಲ ಅಂದ್ರೆ ಭಾನುವಾರ ಓದಿ, ಆದ್ರೆ ಪೂರ್ತಿ ಓದಿ.

ಇತ್ತೀಚೆಗೆ ಗೌರಿಬಿದನೂರಿನಲ್ಲಿ ನಾವು ಇಪ್ಪತ್ತು ಜನ ಸೇರಿದ್ವಿ. ಹೆಣ್ಣುಮಕ್ಕಳ ರಕ್ತಹೀನತೆ ಬಗ್ಗೆ ಮಾತು. ನಾನು ಮಾತಾಡ್ತಾ, ನಮ್ಮ ಅಜ್ಜಿಯರು ತಿಂತಿದ್ದ ಬೆರಕೆ ಸೊಪ್ಪನ್ನ ನಾವು ಬಿಟ್ಟಿದ್ದೇವೆ, ಅದನ್ನ ಮತ್ತೆ ತಟ್ಟೆಗೆ ತರಬೇಕು ಅಂದೆ. ಚಳವಳಿಯ ಹಿರಿಯರೊಬ್ಬರು ಎದ್ದು ನಿಂತರು. "ನೋಡಮ್ಮ, ಸೊಪ್ಪನ್ನ ಹೊಗಳಬೇಡ. ನಮ್ಮವ್ವ ಅಣ್ಣೆ ಸೊಪ್ಪು ಕಿತ್ತಿದ್ದು ಆರೋಗ್ಯಕ್ಕಲ್ಲ. ಮನೇಲಿ ಹಿಟ್ಟಿರಲಿಲ್ಲ, ಅದಕ್ಕೆ ಕಿತ್ತಳು. ನಮ್ಮ ಹಸಿವನ್ನ ನೀವು ಇವತ್ತು ಸಿರಿವಂತರ ಹಂಗೆ ನ್ಯಾಚುರಲ್ ಫುಡ್ ಅಂತೀರಾ?" ಅಂದರು. ಸಭೆ ತಣ್ಣಗಾಯಿತು. ಪಕ್ಕದಲ್ಲಿದ್ದ ಅಂಗನವಾಡಿಯ ಹುಡುಗಿಯೊಬ್ಬಳು ಮೆಲ್ಲಗೆ, "ಅಕ್ಕಾ, ನಾವು ಬಸುರಿಯರಿಗೆ ಬೀಟ್‌ರೂಟು, ಕ್ಯಾರೆಟ್ಟು ತಿನ್ನಿ ಅಂತೀವಿ. ಗೋಡೆ ಮೇಲೂ ಅದೇ ಚಿತ್ರ ಇರೋದು" ಅಂದಳು.

ಹಿರಿಯರ ಮಾತಿಗೆ ಅಲ್ಲಿ ಉತ್ತರ ಕೊಡೋಕೆ ಹೋಗಲಿಲ್ಲ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದ್ರೆ ಸೊಪ್ಪು ಮತ್ತು ಗಡ್ಡೆ, ಇವೆರಡರ ಹಿಂದೆ ಇರೋ ಚರಿತ್ರೆಯನ್ನ ಒಮ್ಮೆ ಬಿಡಿಸಿ ನೋಡಬೇಕು ಅನ್ನಿಸ್ತು. ಆಫೀಸು ಮುಗಿಸಿ ರಾತ್ರಿ ರಾತ್ರಿ ಕೂತು ಬರೆದಿದ್ದೇನೆ.

ಮೊದಲು ಪ್ರಶ್ನೆ ಎಷ್ಟು ದೊಡ್ಡದು ಅಂತ ತಿಳ್ಕೊಳ್ಳೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 47.8 ಜನಕ್ಕೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ 65.5. ಎರಡು ಮಕ್ಕಳಿಗೊಂದು ಅಲ್ಲ, ಮೂರರಲ್ಲಿ ಎರಡು ಮಕ್ಕಳಿಗೆ. ಈ ಸಂಖ್ಯೆ ಇಡೀ ರಾಜ್ಯದ್ದು. ನಮ್ಮ ಕೇರಿಗಳಲ್ಲಿ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹೆರಿಗೆಗೆ ಹೋದ ಹುಡುಗಿಗೆ "ರಕ್ತ ಕಮ್ಮಿ ಇದೆ, ಎರಡು ಬಾಟ್ಲಿ ಅರೇಂಜ್ ಮಾಡಿ" ಅಂದಾಗ ಓಡೋದು ನಾವೇ.

ಈಗ ಲೆಕ್ಕ. ಗುಮಾಸ್ತೆ ಕೆಲಸ ಮಾಡೋಳು, ಲೆಕ್ಕ ಬಿಟ್ರೆ ನನಗೆ ನಿದ್ದೆ ಬರಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ನಮ್ಮ ದೇಶದ ಐನೂರಕ್ಕೂ ಹೆಚ್ಚು ಆಹಾರಗಳನ್ನ ಪರೀಕ್ಷೆ ಮಾಡಿ ಕೋಷ್ಟಕ ಹೊರತಂದಿದ್ದಾರೆ. ಅದರ ಪ್ರಕಾರ 100 ಗ್ರಾಂ ದಂಟಿನ ಸೊಪ್ಪಿನಲ್ಲಿ ಕಬ್ಬಿಣಾಂಶ ಸುಮಾರು 4.6 ಮಿಲಿಗ್ರಾಂ, ಸುಣ್ಣದಂಶ ಸುಮಾರು 330 ಮಿಲಿಗ್ರಾಂ, ಪ್ರೋಟೀನು 3 ಗ್ರಾಂ ಮೇಲೆ. ಅದೇ 100 ಗ್ರಾಂ ಆಲೂಗಡ್ಡೆಯಲ್ಲಿ ಕಬ್ಬಿಣ ಸುಮಾರು 0.6, ಸುಣ್ಣ 10ರ ಆಸುಪಾಸು, ಪ್ರೋಟೀನು ಒಂದೂವರೆ ಗ್ರಾಂ. ಗೋಡೆ ಮೇಲಿನ ರಾಜಕುಮಾರಿ ಬೀಟ್‌ರೂಟಿಗೆ ಕಬ್ಬಿಣ ಎಷ್ಟು ಗೊತ್ತಾ? 0.8 ಇಲ್ಲ. ಕ್ಯಾರೆಟ್ಟಿಗೆ 0.6. ನುಗ್ಗೆ ಸೊಪ್ಪಿಗೆ ಮತ್ತೆ 4.5ರ ಮೇಲೆ, ಜೊತೆಗೆ ಪ್ರೋಟೀನು 6 ಗ್ರಾಂ ದಾಟುತ್ತೆ.

ದುಡಿಯೋ ವಯಸ್ಸಿನ ಹೆಣ್ಣುಮಗಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಐಸಿಎಂಆರ್‌ನವರು 2020ರಲ್ಲಿ ಹೇಳಿದ್ದಾರೆ. ಬರೀ ಬೀಟ್‌ರೂಟಿನಿಂದ ಅಷ್ಟು ಬರಬೇಕಂದ್ರೆ ದಿನಕ್ಕೆ ಮೂರೂವರೆ ಕೆಜಿಗೂ ಮೇಲೆ ತಿನ್ನಬೇಕು. ದಂಟಿನ ಸೊಪ್ಪಾದ್ರೆ ಆರುನೂರು ಚಿಲ್ಲರೆ ಗ್ರಾಂ. ಅದೂ ಯಾರೂ ತಿನ್ನಲ್ಲ ಬಿಡಿ, ಆದ್ರೆ ಅಂತರ ನೋಡಿ. ಎರಡು ಮುದ್ದೆಗೆ ಇನ್ನೂರು ಗ್ರಾಂ ರಾಗಿ ಹಿಟ್ಟು ಹಿಡೀರಿ, ಅದರಿಂದ 9 ಮಿಲಿಗ್ರಾಂ ಬಂತು. ಮೇಲೆ ಒಂದು ಬಟ್ಟಲು ಸೊಪ್ಪು. ನಮ್ಮಜ್ಜಿ ಕೋಷ್ಟಕ ನೋಡಿರಲಿಲ್ಲ, ಲೆಕ್ಕ ಮಾತ್ರ ಸರಿಯಾಗೇ ಇತ್ತು.

ಮತ್ತೆ ಬೀಟ್‌ರೂಟ್ ಯಾಕೆ ಗೋಡೆ ಹತ್ತಿತು? ಕೆಂಪಗಿದೆ ಅಂತ. ಕೆಂಪಗಿರೋದು ತಿಂದ್ರೆ ರಕ್ತ ಆಗುತ್ತೆ ಅನ್ನೋದು ಹಾವಿನಾಕಾರದ ಬೇರು ಹಾವಿನ ವಿಷಕ್ಕೆ ಮದ್ದು ಅನ್ನೋ ಥರದ ನಂಬಿಕೆ. ಆ ಕೆಂಪು ಬೀಟಲೇನ್ ಅನ್ನೋ ಬಣ್ಣದ್ದು, ಅದಕ್ಕೂ ಕಬ್ಬಿಣಕ್ಕೂ ಸಂಬಂಧ ಇಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿ, ಭೌತಶಾಸ್ತ್ರ ಓದಿ, ಪವಾಡಗಳನ್ನೆಲ್ಲ ಪ್ರಶ್ನೆ ಮಾಡಿದ ಎಚ್. ನರಸಿಂಹಯ್ಯನವರ ಊರಿನ ಪಕ್ಕದಲ್ಲೇ ಕೂತು ನಾವು ಬಣ್ಣ ನೋಡಿ ರಕ್ತ ಲೆಕ್ಕ ಹಾಕ್ತಿದ್ದೇವೆ.

ಹಾಗಂತ ಬೀಟ್‌ರೂಟಿಗೆ ಅನ್ಯಾಯ ಮಾಡಬಾರದು. ಅದರಲ್ಲಿ ಫೋಲೇಟ್ ಚೆನ್ನಾಗಿದೆ, ಅದೂ ರಕ್ತಕ್ಕೆ ಬೇಕು. ಕ್ಯಾರೆಟ್ಟಿನಲ್ಲಿ ಕಣ್ಣಿಗೆ ಬೇಕಾದ ಎ ಜೀವಸತ್ವ ಕೊಡೋ ಬಣ್ಣ ಹೇರಳ. ಆದ್ರೆ ಅದೇ ಬಣ್ಣ ಸೊಪ್ಪಿನಲ್ಲೂ ಇದೆ, ಹಸಿರು ಮುಚ್ಚಿಟ್ಟಿರುತ್ತೆ ಅಷ್ಟೇ. ಸೊಪ್ಪಿನ ವಕೀಲಿ ಮಾಡೋರೂ ಇನ್ನೊಂದು ಮಾತು ಮುಚ್ಚಿಡ್ತಾರೆ. ಸೊಪ್ಪಿನಲ್ಲಿರೋ ಕಬ್ಬಿಣ ಪೂರ್ತಿ ಮೈಗೆ ಹತ್ತಲ್ಲ. ಮಾಂಸದ ಕಬ್ಬಿಣ ಹತ್ತಿದಷ್ಟು ಸುಲಭವಾಗಿ ಸೊಪ್ಪಿನದು ಹತ್ತಲ್ಲ. ಜೊತೆಗೆ ಕೆಲವು ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ, ಅದು ಸುಣ್ಣದಂಶವನ್ನ ಹಿಡಿದಿಟ್ಟುಕೊಳ್ಳುತ್ತೆ. ನಿಂಬೆಹಣ್ಣು ಹಿಂಡಿಕೊಂಡ್ರೆ ಕಬ್ಬಿಣ ಜಾಸ್ತಿ ಹತ್ತುತ್ತೆ, ಊಟ ಆದ ತಕ್ಷಣ ಟೀ ಕುಡಿದ್ರೆ ಕಮ್ಮಿ ಹತ್ತುತ್ತೆ. ನಮ್ಮ ಹೆಂಗಸರು ಮಾಡೋದೇ ಊಟ ಆದ ತಕ್ಷಣ ಟೀ. ಹಸಿವು ಮುಚ್ಚೋಕೆ ಟೀ ಕುಡಿಯೋ ಅಭ್ಯಾಸ ಅದು, ಶೋಕಿ ಅಲ್ಲ.

ಇನ್ನು ಆಲೂಗಡ್ಡೆ. ನಮ್ಮ ಜಿಲ್ಲೆಯಲ್ಲಿ ಇದರ ಬಗ್ಗೆ ಲಘುವಾಗಿ ಮಾತಾಡೋ ಹಾಗಿಲ್ಲ. ಚಿಕ್ಕಬಳ್ಳಾಪುರದ ಸುತ್ತ ಎಷ್ಟು ಕುಟುಂಬಗಳು ಇದರ ಕೂಲಿ ಮೇಲೆ ನಿಂತಿವೆ. ಬಿತ್ತನೆಗೆ ಜಲಂಧರದಿಂದ ಲಾರಿ ಬರುತ್ತೆ, ರೇಟ್ ಏರಿದ್ರೆ ನಗು, ಇಳಿದ್ರೆ ರಸ್ತೆಗೆ ಸುರಿಯೋದು. ನಮ್ಮ ಕಡೆ ಹಳಬರು ಈಗಲೂ ಉರುಳಗಡ್ಡೆ ಅಂತಾರೆ, ತೆಲುಗು ಮಾತಾಡೋರು ಉರ್ಲಗಡ್ಡ ಅಂತಾರೆ. ತಮಿಳು, ತೆಲುಗು, ಕನ್ನಡ ಮೂರೂ ಸೇರಿ ಉರುಳಾಡಿರೋ ಹೆಸರು.

ಇದು ನಮ್ಮ ನೆಲದ ಗಡ್ಡೆ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಮೂಲನಿವಾಸಿ ರೈತರು ಸಾವಿರಾರು ವರ್ಷ ಸಾಕಿ ಬೆಳೆಸಿದ್ದು. ಅವರ ಬೆಳ್ಳಿ ದೋಚಿದ ಸ್ಪೇನಿನವರು ಗಡ್ಡೆಯನ್ನೂ ಹಡಗಿಗೆ ಹಾಕಿಕೊಂಡು ಹೋದರು. ಯೂರೋಪಿನಲ್ಲಿ ಶುರುವಿನಲ್ಲಿ ಉಳ್ಳವರು ಇದನ್ನ ಮುಟ್ಟಲಿಲ್ಲ, ಮಣ್ಣಿನೊಳಗಿನ ವಸ್ತು, ಹಂದಿಗೆ ಹಾಕೋದು, ಬಡವರು ತಿನ್ನೋದು ಅಂದರು. ಕೇಳಿದ ಮಾತಿನ ಥರ ಇದೆ ಅಲ್ವಾ? ಅಲ್ಲಿಂದ ಯೂರೋಪಿನವರ ಕೈಯಲ್ಲೇ ನಮ್ಮ ದೇಶಕ್ಕೂ ಬಂತು. ಬೆಂಗಳೂರಿನಲ್ಲಿ 1809ರಲ್ಲಿ ದಂಡು ಶುರುವಾದ ಮೇಲೆ ಸೋಲ್ಜರ್‌ಗಳಿಗೆ, ದೊರೆಗಳಿಗೆ ಅವರ ಊರಿನ ತರಕಾರಿ ಬೇಕಾಯಿತು. ಲಾಲ್‌ಬಾಗ್ ನೋಡಿಕೊಳ್ತಿದ್ದ ಜಾನ್ ಕ್ಯಾಮರಾನ್ 1874ರಿಂದ ಮೂವತ್ತು ವರ್ಷದ ಮೇಲೆ ಅಲ್ಲಿದ್ದು ಹೊರಗಿನ ಎಷ್ಟೋ ಗಿಡ ತಂದು ನೆಟ್ಟ. ಸೀಮೆಬದನೆ ನಮ್ಮ ಅಡುಗೆಮನೆಗೆ ಬಂದಿದ್ದು ಹಾಗೆ. ಹೊರಗಿನಿಂದ ಬಂದಿದ್ದಕ್ಕೆಲ್ಲ 'ಸೀಮೆ' ಅಂತ ಗೌರವದ ಮುಂಬಾಲ ಸಿಕ್ಕಿತು. ಹೊಲದ ಬದುವಿನಲ್ಲಿದ್ದ ಸೊಪ್ಪಿಗೆ ಸಿಕ್ಕಿದ್ದು 'ಬೆರಕೆ' ಅನ್ನೋ ಹೆಸರು. ಬೆರಕೆ ಅನ್ನೋ ಪದವನ್ನ ಮನುಷ್ಯರಿಗೆ ಬಳಸಿದ್ರೆ ಅದೇನು ಬೈಗುಳ ಅಂತ ನಮಗೆ ಗೊತ್ತು.

ಬೆಂಗಳೂರಿಗೆ ಹತ್ತಿರ, ತಂಪು ಹವೆ, ಕೆಂಪು ಮಣ್ಣು, ಬಾವಿ ನೀರು, ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ ಸಣ್ಣ ರೈಲು. ಹೀಗೆ ನಮ್ಮ ಸೀಮೆ ಪೇಟೆಗೆ ತರಕಾರಿ ಕಳಿಸೋ ಸೀಮೆ ಆಯಿತು. ಗಡ್ಡೆಗೆ ಒಂದು ಗುಣ ಇದೆ. ಕಿತ್ತು ಮೂಟೆ ಕಟ್ಟಿದ್ರೆ ವಾರಗಟ್ಟಲೆ ಇರುತ್ತೆ, ತೂಗಬಹುದು, ಸಾಲಕ್ಕೆ ಒತ್ತೆ ಇಡಬಹುದು. ಸೊಪ್ಪು ಸಂಜೆಗೆ ಬಾಡುತ್ತೆ. ಅದಕ್ಕೇ ಗಡ್ಡೆ ಮಂಡಿಗೆ ಹೋಯಿತು, ಸೊಪ್ಪು ಬುಟ್ಟಿಯಲ್ಲಿ ಹೆಂಗಸಿನ ತಲೆ ಮೇಲೇ ಉಳಿಯಿತು. ಪೌಷ್ಟಿಕತೆ ನೋಡಿ ಪೇಟೆ ಯಾವತ್ತೂ ಬೆಲೆ ಕಟ್ಟಿಲ್ಲ.

ಮೂಲಂಗಿ ನೋಡಿ. ಒಂದೇ ಗಿಡ. ಗಡ್ಡೆಯಲ್ಲಿ ಸುಣ್ಣದಂಶ 30 ಮಿಲಿಗ್ರಾಂ ಇದ್ರೆ ಅದರ ಎಲೆಯಲ್ಲಿ 230ರ ಮೇಲೆ. ಎಪಿಎಂಸಿ ಮುಂದೆ ಎಲೆ ತಿರುಚಿ ಬಿಸಾಕಿ ಗಡ್ಡೆ ಮಾತ್ರ ತಕ್ಕಡಿಗೆ ಹಾಕ್ತಾರೆ. ಆ ಬಿಸಾಕಿದ ಎಲೆ ಆರಿಸಿಕೊಂಡು ಹೋಗೋ ಅಮ್ಮನ್ನ ಜನ ಅಯ್ಯೋ ಪಾಪ ಅಂತ ನೋಡ್ತಾರೆ. ಒಳ್ಳೇದನ್ನ ಮನೆಗೆ ಒಯ್ತಿರೋಳು ಅವಳೇ.

ಆದ್ರೆ ಈಗ ಹಿರಿಯರ ಮಾತಿಗೆ ಬರ್ತೇನೆ. ಆಲೂಗಡ್ಡೆಗೆ ಒಂದು ಶಕ್ತಿ ಇದೆ, ಸೊಪ್ಪಿಗೆ ಅದು ಇಲ್ಲ. 100 ಗ್ರಾಂ ಆಲೂಗಡ್ಡೆ ಸುಮಾರು 70 ಕ್ಯಾಲೊರಿ ಕೊಡುತ್ತೆ, ದಂಟಿನ ಸೊಪ್ಪು 30ರ ಆಸುಪಾಸು. ಮಧ್ಯಮ ದುಡಿಮೆಯ ಹೆಣ್ಣುಮಗಳಿಗೆ ದಿನಕ್ಕೆ 2,130 ಕ್ಯಾಲೊರಿ ಬೇಕು. ಬರೀ ಗಡ್ಡೆ ತಿಂದು ಅಷ್ಟು ಪಡೀಬೇಕಂದ್ರೆ ಮೂರು ಕೆಜಿ, ಕಷ್ಟ ಆದ್ರೂ ಸಾಧ್ಯ. ಬರೀ ಸೊಪ್ಪಾದ್ರೆ ಏಳು ಕೆಜಿ. ದನಕ್ಕೆ ಆಗುತ್ತೆ, ಮನುಷ್ಯರ ಹೊಟ್ಟೆಗೆ ಆಗಲ್ಲ. ಐರ್ಲೆಂಡಿನ ಬಡ ಗೇಣಿದಾರರು ಬರೀ ಆಲೂಗಡ್ಡೆ ಮೇಲೆ ಬದುಕಿದ್ದು ಇದೇ ಲೆಕ್ಕದಲ್ಲಿ. ಅವರು ಬೆಳೆದ ಧಾನ್ಯ ಗೇಣಿಗೆ, ಇಂಗ್ಲೆಂಡಿನ ಪೇಟೆಗೆ ಹೋಗ್ತಿತ್ತು, ತಮಗೆ ಉಳಿದ ತುಂಡು ನೆಲದಲ್ಲಿ ಗಡ್ಡೆ. 1845ರಲ್ಲಿ ಅಂಗಮಾರಿ ರೋಗ ಬಂದು ಗಡ್ಡೆ ಕೊಳೆತಾಗ ಮುಂದಿನ ಕೆಲವೇ ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದೇ ಅಂಗಮಾರಿ ಇವತ್ತೂ ಮೋಡ ಮುಚ್ಚಿದ ವಾರದಲ್ಲಿ ನಮ್ಮ ರೈತರ ನಿದ್ದೆ ಕೆಡಿಸುತ್ತೆ.

ನಮ್ಮಲ್ಲಿ 1876ರಿಂದ 78. ಧಾತು ಸಂವತ್ಸರ, ಈಶ್ವರ ಸಂವತ್ಸರ. ಎರಡು ವರ್ಷ ಮಳೆ ಕೈಕೊಟ್ಟಿತು. ಆಗ ಮೈಸೂರು ರಾಜ್ಯ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ರಾಜ್ಯದ ಜನ ಸುಮಾರು 50 ಲಕ್ಷ 55 ಸಾವಿರ. ಹತ್ತು ವರ್ಷ ಆದ ಮೇಲೆ, 1881ರಲ್ಲಿ, 41 ಲಕ್ಷ 86 ಸಾವಿರ. ಹೆಚ್ಚಬೇಕಾದ ಜನ ಎಂಟು ಲಕ್ಷದ ಮೇಲೆ ಕಮ್ಮಿ ಆಗಿದ್ದಾರೆ. ಸತ್ತವರ ಜಾತಿ ಯಾವುದು ಅಂತ ಯೋಚನೆ ಮಾಡಿ. ಕಣಜ ಇದ್ದವರು ಸೊಪ್ಪು ಹುಡುಕಿಕೊಂಡು ಹೋಗಿರಲ್ಲ. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ 1877ರಲ್ಲಿ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಬರ ಕಾಮಗಾರಿಯಲ್ಲಿ ಕಲ್ಲು ಒಡೆಯೋ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದು ಆಣೆ ಸಾಕು ಅಂತ ನಿಗದಿ ಮಾಡಿದ. ಒಂದು ಪೌಂಡು ಅಂದ್ರೆ 450 ಗ್ರಾಂ, ಧಾನ್ಯದಿಂದ ಸಿಗೋದು ಸುಮಾರು 1,500 ಕ್ಯಾಲೊರಿ. ಕಷ್ಟದ ದುಡಿಮೆಯ ಗಂಡಸಿಗೆ ಅದರ ಎರಡರಷ್ಟು ಬೇಕು. ಮದ್ರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಶ್, ಇದು ಜನರನ್ನ ಕೊಲ್ಲೋ ಪಡಿ ಅಂತ ಜಗಳ ಆಡಿದ, ಬೇಳೆ ಕಾಳೂ ಕೊಡಬೇಕು ಅಂದ. ಅದೇ ಹೊತ್ತಿನಲ್ಲಿ ದೇಶದಿಂದ ಧಾನ್ಯ ಹಡಗಿನಲ್ಲಿ ಹೊರಗೂ ಹೋಗ್ತಿತ್ತು.

ಅಂಥ ಹೊತ್ತಲ್ಲಿ ನಮ್ಮವರು ಸೊಪ್ಪು ತಿಂದರು, ಬೇರು ಅಗೆದು ತಿಂದರು. ಹಿರಿಯರು ಹೇಳಿದ್ದು ಇದನ್ನೇ. ನನ್ನ ತಕರಾರು ಒಂದೇ. ಆ ತಾಯಿಯನ್ನ ಬಡವಿ ಮಾಡಿದ್ದು ಅವಳ ಮಡಿಲಲ್ಲಿದ್ದ ಸೊಪ್ಪಲ್ಲ, ಪಕ್ಕದಲ್ಲಿ ಇಲ್ಲದೇ ಹೋದ ಹಿಟ್ಟು. ಹಿಟ್ಟು ಜಮೀನಿನ ಪ್ರಶ್ನೆ. ಜಮೀನು ಜಾತಿಯ ಪ್ರಶ್ನೆ. ಮುದ್ದೆಯ ಜೊತೆಗಿದ್ರೆ ಸೊಪ್ಪು ಊಟ, ಮುದ್ದೆ ಇಲ್ಲದಿದ್ರೆ ಅದೇ ಸೊಪ್ಪು ಬರ. ನಾವು ಹಸಿವಿನ ಮೇಲಿನ ಸಿಟ್ಟನ್ನ ಸೊಪ್ಪಿನ ಮೇಲೆ ತೀರಿಸಿಕೊಂಡ್ವಿ ಅನ್ನಿಸುತ್ತೆ. ಮಕ್ಕಳು ಓದಿ, ನೌಕರಿ ಸಿಕ್ಕಿ, ಮನೆಗೆ ಫ್ರಿಜ್ ಬಂದ ಮೇಲೆ ಮೊದಲು ಹೊರಗೆ ಹೋಗಿದ್ದು ಅಣ್ಣೆ ಸೊಪ್ಪು, ಒಳಗೆ ಬಂದಿದ್ದು ಆಲೂ ಪಲ್ಯ.

ಇಲ್ಲಿ ಒಬ್ಬ ಹೆಣ್ಣುಮಗಳ ಕಥೆ ಹೇಳಲೇಬೇಕು. ಲೂಸಿ ವಿಲ್ಸ್ ಅಂತ ಇಂಗ್ಲೆಂಡಿನ ಡಾಕ್ಟರು. 1928ರಲ್ಲಿ ಬಾಂಬೆಗೆ ಬಂದರು. ಬಟ್ಟೆ ಗಿರಣಿಯಲ್ಲಿ ದುಡಿಯೋ ಬಸುರಿ ಹೆಂಗಸರು ಒಂದು ಥರದ ರಕ್ತಹೀನತೆಯಿಂದ ಸಾಯ್ತಿದ್ದರು. ರೋಗಾಣು ಇರಬೇಕು ಅಂತ ಹುಡುಕಿದರು, ಸಿಗಲಿಲ್ಲ. ಕೊನೆಗೆ ಅವರು ತಿನ್ನೋದನ್ನ ನೋಡಿದರು. ಯಾರ ಊಟದಲ್ಲಿ ಸೊಪ್ಪು, ಹಣ್ಣು, ಹಾಲು ತೀರಾ ಕಮ್ಮಿಯೋ ಅವರಿಗೇ ಈ ಕಾಯಿಲೆ, ಅದರಲ್ಲೂ ಬಡ ಮುಸ್ಲಿಂ ಹೆಂಗಸರಿಗೆ ಜಾಸ್ತಿ. ಮಾರ್ಮೈಟ್ ಅನ್ನೋ ಈಸ್ಟಿನ ಸಾರ ಕೊಟ್ಟಾಗ ಗುಣ ಆಯಿತು. ಅದರಲ್ಲಿರೋ ವಸ್ತು ಏನು ಅಂತ ಆಗ ಗೊತ್ತಿರಲಿಲ್ಲ, 'ವಿಲ್ಸ್ ಫ್ಯಾಕ್ಟರ್' ಅಂತ ಕರೆದರು. 1941ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪು ಅರೆದು ಅದೇ ಬಗೆಯ ವಸ್ತುವನ್ನ ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ ಎಲೆಗೆ ಫೋಲಿಯಂ ಅಂತಾರೆ, ಅದಕ್ಕೆ ಫೋಲಿಕ್ ಆಸಿಡ್ ಅಂತ ಹೆಸರಿಟ್ಟರು.

ಆಶಾ ಅಕ್ಕ ಮನೆಮನೆಗೆ ತಂದು ಕೊಡೋ ಐರನ್ ಫೋಲಿಕ್ ಮಾತ್ರೆ ಇದೆಯಲ್ಲ, ಅದರ ಹೆಸರಿನಲ್ಲೇ ಸೊಪ್ಪು ಇದೆ. ನಮ್ಮ ಹಾಗೇ ದುಡಿಯೋ ಬಡ ಹೆಂಗಸರ ರಕ್ತ ನೋಡಿ ಕಂಡುಹಿಡಿದಿದ್ದು. ಮಾತ್ರೆ ಬೇಡ, ಸೊಪ್ಪು ಸಾಕು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ರಕ್ತ ಕಮ್ಮಿ ಇರೋ ಬಸುರಿ ಮಾತ್ರೆ ನುಂಗಲೇಬೇಕು, ಡಾಕ್ಟರ್ ಹತ್ತಿರ ಹೋಗಲೇಬೇಕು.

ಬಸ್ಸಾರಿನ ಬಗ್ಗೆಯೂ ಎರಡು ಮಾತು. ಫೋಲೇಟ್, ಸಿ ಜೀವಸತ್ವ ಇವೆಲ್ಲ ಬೇಯಿಸಿದ ನೀರಿಗೆ ಇಳಿದು ಹೋಗುತ್ತೆ. ಟಿವಿ ಅಡುಗೆಯವರು ಪಾಲಕ್ ಬೇಯಿಸಿ ನೀರು ಸಿಂಕಿಗೆ ಚೆಲ್ತಾರೆ. ನಮ್ಮ ಅಡುಗೆಯಲ್ಲಿ ಸೊಪ್ಪು, ಕಾಳು ಬೇಯಿಸಿ ಬಸಿದ ಆ ಕಟ್ಟೇ ಸಾರಿಗೆ ಮೂಲ. ಬಸಿದ ಸೊಪ್ಪು ಪಲ್ಯ, ಬಸಿದ ನೀರು ಸಾರು. ಮೇಲೆ ಒಗ್ಗರಣೆಯ ಒಂದು ಚಮಚ ಎಣ್ಣೆ, ಎ ಜೀವಸತ್ವದ ಬಣ್ಣ ಮೈಗೆ ಹತ್ತೋಕೆ ಅದು ಬೇಕು. ಹುಣಸೆ, ಕಾಳು, ರಾಗಿ, ಸೊಪ್ಪು ಎಲ್ಲ ಒಂದೇ ಊಟದಲ್ಲಿ. ಇವತ್ತು ಬೆಂಗಳೂರಿನ ಹೋಟೆಲಿನಲ್ಲಿ ಬಸ್ಸಾರು ಮುದ್ದೆಗೆ 'ಗೌಡರ ಮನೆ ಊಟ' ಅಂತ ಬೋರ್ಡು. ಸೊಪ್ಪಿನ ಹೆಸರು ಗೊತ್ತಿದ್ದ ಕೂಲಿ ಹೆಂಗಸರ ಹೆಸರು ಬೋರ್ಡಿನಲ್ಲಿ ಇಲ್ಲ.

ಆ ಹೆಸರುಗಳು ಎಲ್ಲಿಂದ ಬಂದವು? ಕಳೆ ಕೀಳೋ ಕೆಲಸದಿಂದ. ರಾಗಿ ಹೊಲದಲ್ಲಿ ಸಾಲಾಗಿ ಕೂತು ಕಳೆ ಕೀಳುವಾಗ ಯಾವುದು ತಿನ್ನೋದು, ಯಾವುದು ಬಿಸಾಡೋದು ಅಂತ ಕೈಗೇ ಗೊತ್ತು. ಅಣ್ಣೆ ಸೊಪ್ಪು, ಕಿರಕೀರೆ, ಹೊನಗೊನೆ, ಗೋಣಿ ಸೊಪ್ಪು, ಗಣಿಕೆ ಸೊಪ್ಪು ಎಲ್ಲ ಮಡಿಲಿಗೆ. ನಮ್ಮಮ್ಮ ಅರ್ಧಕ್ಕೆ ಕನ್ನಡದ ಹೆಸರು, ಇನ್ನರ್ಧಕ್ಕೆ ತೆಲುಗು ಹೆಸರು ಹೇಳ್ತಿದ್ಳು. ಹೊಲದ ಯಜಮಾನನಿಗೆ ಅದು ಕಳೆ, ಅವಳಿಗೆ ಸಂಜೆ ಸಾರು. ಜೀತದ ಕಾಲದಲ್ಲಿ ಅದಕ್ಕೂ ಅಪ್ಪಣೆ ಬೇಕಿತ್ತು. ಜೀತ ರದ್ದು ಕಾನೂನು 1976ರಲ್ಲಿ ಬಂತು, ಆದ್ರೆ ಬದುವಿಗೆ ಕಾಲಿಟ್ಟಿದ್ದಕ್ಕೆ ಬೈಗುಳ ಕೇಳಿದವರು ಈ ಪೋಸ್ಟ್ ಓದ್ತಿರೋರಲ್ಲೂ ಇದ್ದೀರಿ. ನಾವಿರೋದು ಕಂಬಾಲಪಲ್ಲಿಯ ತಾಲ್ಲೂಕಿನಲ್ಲಿ. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನ ಸುಟ್ಟು ಕೊಂದ ನೆಲ ಇದು, ಆರೋಪಿಗಳೆಲ್ಲ ಖುಲಾಸೆ ಆದ ನೆಲ. ಯಾರ ಬದುವಿನಲ್ಲಿ ಯಾರು ಬಗ್ಗಬಹುದು ಅನ್ನೋದು ಇಲ್ಲಿ ಸೊಪ್ಪಿನ ಪ್ರಶ್ನೆ ಮಾತ್ರ ಆಗಿರಲ್ಲ.

ಯಾರಪ್ಪನ ಅಪ್ಪಣೆಯೂ ಬೇಡದೆ ಸೊಪ್ಪು ಸಿಗ್ತಿದ್ದದ್ದು ಗೋಮಾಳದಲ್ಲಿ, ಕೆರೆ ಅಂಗಳದಲ್ಲಿ. ಕೆರೆಗೆ ನೀರು ಬಿಡೋ ನೀರಗಂಟಿ ನಮ್ಮವನೇ ಆಗಿರ್ತಿದ್ದ, ಕೆರೆಯ ಹಸಿರಿನ ಮೇಲೆ ನಮಗೊಂದು ಸಲಿಗೆ ಇತ್ತು. 1980ರ ದಶಕದಲ್ಲಿ ಆಗಿನ ಕೋಲಾರ ಜಿಲ್ಲೆಯಲ್ಲಿ ಸಾಮಾಜಿಕ ಅರಣ್ಯ ಅಂತ ವಿಶ್ವಬ್ಯಾಂಕಿನ ದುಡ್ಡಲ್ಲಿ ನೀಲಗಿರಿ ಹಬ್ಬಿತು. ರಾಗಿ ಹೊಲಗಳೂ ನೀಲಗಿರಿ ತೋಪಾದವು. ಯಜಮಾನನಿಗೆ ಕಳೆ ಕೀಳಿಸೋ ಖರ್ಚು ಉಳಿಯಿತು, ಕೂಲಿ ಹೆಂಗಸಿಗೆ ಕೂಲಿಯೂ ಹೋಯಿತು ಸೊಪ್ಪೂ ಹೋಯಿತು. ನೀಲಗಿರಿ ಕೆಳಗೆ ಏನು ಬೆಳೆಯುತ್ತೆ? ಸರ್ಕಾರ 2017ರಲ್ಲಿ ನೀಲಗಿರಿ ನೆಡೋದನ್ನ ನಿಲ್ಲಿಸಿತು, ಅಷ್ಟೊತ್ತಿಗೆ ಒಂದು ತಲೆಮಾರು ಸೊಪ್ಪಿನ ಗುರುತೇ ಮರೆತಿತ್ತು. ಈಗ ಕಳೆನಾಶಕ. ಒಂದು ಸ್ಪ್ರೇ, ಇಡೀ ಬದು ಸುಟ್ಟ ಹಾಗೆ. ಉಳಿದ ಗೋಮಾಳ ಲೇಔಟಿಗೆ.

ಪಹಣಿ ನೋಡೋ ಅಭ್ಯಾಸ ಇರೋರಿಗೆ ಗೊತ್ತು, ಅಲ್ಲಿ ಬೆಳೆಯ ಕಾಲಂ ಇದೆ. ರಾಗಿ ಬರುತ್ತೆ, ಆಲೂಗಡ್ಡೆ ಬರುತ್ತೆ, ನೀಲಗಿರಿಯೂ ಬರುತ್ತೆ. ಸೊಪ್ಪು ಬರಲ್ಲ. ಹಿಂದೆ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೇ ಹಾದು ಹೋಗಿ ಇಲ್ಲಿ ಸಕ್ಕರೆ ಹೇಗೆ ಮಾಡ್ತಾರೆ ಅಂತೆಲ್ಲ ಬರೆದುಕೊಂಡ. ಟಿಪ್ಪು ಸತ್ತ ಮರುವರ್ಷ, ಈ ನೆಲದಿಂದ ಏನು ಸಿಗುತ್ತೆ ಅಂತ ನೋಡೋ ಕೆಲಸ ಅದು. ಕಂದಾಯ ಬರದಿರೋದನ್ನ ಯಾವ ಸರ್ಕಾರವೂ ಬರೆದುಕೊಳ್ಳಲ್ಲ. ಬರೆಯದೇ ಇದ್ದದ್ದು ಹಾಳಾದಾಗ ಪರಿಹಾರವೂ ಇಲ್ಲ.

ಒಂದು ಸೊಪ್ಪಿಗೆ ಮಾತ್ರ ನಮ್ಮ ಜಿಲ್ಲೆಯಲ್ಲಿ ರಾಜಮರ್ಯಾದೆ. ಶಿಡ್ಲಘಟ್ಟದ ಕಡೆ ಬರೀ 'ಸೊಪ್ಪು' ಅಂದ್ರೆ ಹಿಪ್ಪುನೇರಳೆ. ಹುಳುವಿಗೆ ಹೊತ್ತು ಹೊತ್ತಿಗೆ ಎಳೆಸೊಪ್ಪು, ಬಲಿತ ಸೊಪ್ಪು ಅಂತ ನೋಡಿ ಹಾಕ್ತಾರೆ, ಒದ್ದೆ ಸೊಪ್ಪು ಹಾಕಲ್ಲ, ಔಷಧಿ ಹೊಡೆದ ಸೊಪ್ಪು ಹಾಕಿದ್ರೆ ಹುಳು ಸಾಯುತ್ತೆ. ಆ ಹುಳು ಬೇರೆ ಏನೂ ತಿನ್ನಲ್ಲ. ಬರೀ ಎಲೆ ತಿಂದು ಅದರಲ್ಲಿರೋ ಪ್ರೋಟೀನನ್ನ ರೇಷ್ಮೆ ಮಾಡುತ್ತೆ. ಸೊಪ್ಪಿನಲ್ಲಿ ಏನಿದೆ ಅಂತ ಕೇಳೋರು ಗೂಡಿನ ಮಾರುಕಟ್ಟೆಗೆ ಹೋಗಿ ರೇಟ್ ಕೇಳಲಿ. ಚಂದ್ರಿಕೆ ಹೊರೋ ನಮ್ಮ ಹುಡುಗಿಯರಿಗೆ ಯಾವ ಸೊಪ್ಪು ಸಿಕ್ತಿದೆ ಅಂತ ಮಾತ್ರ ಯಾರೂ ಹುಳುವಿಗೆ ನೋಡಿದಷ್ಟು ಕಾಳಜಿಯಿಂದ ನೋಡಲ್ಲ.

ನಮ್ಮ ಚಳವಳಿಗೂ ಒಂದು ಮಾತು ಇದೆ. ನಾವು ಆಹಾರ ಅಂದ ಕೂಡಲೇ ಬಾಡಿನ ಬಗ್ಗೆ ಮಾತಾಡ್ತೀವಿ. ಮಾತಾಡಲೇಬೇಕು. ಬಡವರಿಗೆ ಅಗ್ಗವಾಗಿ ಸಿಗ್ತಿದ್ದ, ಚೆನ್ನಾಗಿ ಮೈಗೆ ಹತ್ತೋ ಕಬ್ಬಿಣವನ್ನ ಗೋಹತ್ಯೆ ಕಾಯ್ದೆ ಅಂತ ತಟ್ಟೆಯಿಂದ ಕಿತ್ತುಕೊಂಡರು. ಮೊಟ್ಟೆಗೆ ಅಡ್ಡ ಬಂದರು. ಸಸ್ಯಾಹಾರ ಶ್ರೇಷ್ಠ ಅನ್ನೋರ ಕೈಗೆ ನನ್ನ ಈ ಬರಹ ಸಿಕ್ಕಿ, 'ನೋಡಿ ದಲಿತರೂ ಸೊಪ್ಪೇ ಸಾಕು ಅಂತಿದ್ದಾರೆ' ಅಂದ್ರೆ ನಾನೇ ಬಂದು ಜಗಳ ಆಡ್ತೇನೆ. ಬಾಡು, ಮೊಟ್ಟೆ, ಸೊಪ್ಪು ಮೂರೂ ನಮ್ಮದೇ. ಮರಾಠಿಯಲ್ಲಿ ಶಾಹು ಪಾಟೋಳೆ ಅವರು 2015ರಲ್ಲಿ ಮರಾಠವಾಡದ ದಲಿತರ ಅಡುಗೆ ಬಗ್ಗೆ ಒಂದು ಪುಸ್ತಕ ಬರೆದರು. ಅನ್ನ ಪೂರ್ಣಬ್ರಹ್ಮ ಅನ್ನೋ ಮಾತನ್ನ ತಿರುಗಿಸಿ 'ಅಪೂರ್ಣ ಬ್ರಹ್ಮ' ಅಂತ ಹೆಸರಿಟ್ಟರು. ನಮ್ಮ ಭಾಗದ ಅಡುಗೆಯನ್ನ ನಾವು ಇನ್ನೂ ಬರೆದಿಟ್ಟಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದಾಗ ಎಷ್ಟು ಗಲಾಟೆ ಆಯ್ತು, ಮಂತ್ರಿ ಪದವಿಯೇ ಹೋಯಿತು. ಬೂಸಾ ಯಾವುದು, ಹೂರಣ ಯಾವುದು ಅಂತ ಹೇಳೋ ಅಧಿಕಾರ ಯಾರದ್ದು ಅನ್ನೋ ಜಗಳ ಅದು. ತಟ್ಟೆಯಲ್ಲೂ ಅದೇ ಜಗಳ ನಡೀತಿದೆ.

ಕೆಲಸಕ್ಕೆ ಬರೋಣ. ಅಂಗನವಾಡಿ ಹುಡುಗಿಗೆ ನಾನು ಹೇಳಿದ್ದು ಇಷ್ಟು: ಗೋಡೆಯ ಬೀಟ್‌ರೂಟ್ ಇರಲಿ, ಪಕ್ಕದಲ್ಲಿ ದಂಟು, ನುಗ್ಗೆ, ರಾಗಿ, ಮೊಟ್ಟೆ ಬರೆಸು. ಮಾತೃಪೂರ್ಣ ಊಟದ ಸಾಂಬಾರಿಗೆ ನುಗ್ಗೆ ಸೊಪ್ಪು ಹಾಕೋಕೆ ಯಾರ ಅಪ್ಪಣೆಯೂ ಬೇಡ, ಕೇಂದ್ರದ ಹಿಂದೆ ಎರಡು ನುಗ್ಗೆ ಗಿಡ ಇದ್ರೆ ಸಾಕು. ಗ್ರಾಮಸಭೆಯಲ್ಲಿ ಕೇರಿಯ ಹೆಂಗಸರ ಸಂಘಕ್ಕೆ ಗೋಮಾಳದಲ್ಲಿ ಐದು ಗುಂಟೆ ಸೊಪ್ಪಿನ ಮಡಿಗೆ ಬಿಡಿ ಅಂತ ಅರ್ಜಿ ಕೊಡಬೇಕು. ಬಾಯಿಮಾತಲ್ಲಿ ಬೇಡ, ಲಿಖಿತವಾಗಿ, ನಡವಳಿ ಪುಸ್ತಕದಲ್ಲಿ ಬರೆಸಿ, ನಕಲು ತಗೊಳ್ಳಿ. ಅರ್ಜಿ ನಮೂನೆ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ನಾನು ಟೈಪ್ ಮಾಡಿ ಕಳಿಸ್ತೇನೆ.

ಇನ್ನೊಂದು. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡ್ತಿದ್ದಾರೆ. ಮೂರನೇ ಹಂತದ ಶುದ್ಧೀಕರಣಕ್ಕೆ ಹೋರಾಟಗಾರರು ವರ್ಷಗಳಿಂದ ಕೇಳ್ತಿದ್ದಾರೆ. ಕೆರೆ ಅಂಗಳದ ಹೊನಗೊನೆ ಸೊಪ್ಪು ಮೊದಲು ತಿನ್ನೋದು ನಮ್ಮ ಜನ. ಬೋರ್‌ವೆಲ್ ನೀರು ಪರೀಕ್ಷೆ ಮಾಡೋ ಹಾಗೆ ಆ ಸೊಪ್ಪನ್ನೂ ಲ್ಯಾಬಿಗೆ ಕಳಿಸಿ ವರದಿ ಕೊಡಿ ಅಂತ ಕೇಳೋದು ಈ ಅರ್ಜಿಯಲ್ಲೇ ಸೇರಲಿ. ವರದಿ ಬರೋವರೆಗೆ ಅಂಥ ಕೆರೆಯ ಸೊಪ್ಪು ಬಿಟ್ಟು ಬೇರೆ ಕಡೆಯದು ಕೀಳಿ.

ಹಿರಿಯರಿಗೆ ಪೋಸ್ಟ್ ಬರೆಯೋ ಮುಂಚೆ ಫೋನ್ ಮಾಡಿದ್ದೆ. ಬರಿಯಮ್ಮ, ಆದ್ರೆ ಹಿಟ್ಟಿನ ಮಾತು ಬಿಡಬೇಡ ಅಂದರು. ಬಿಟ್ಟಿಲ್ಲ ಅಣ್ಣಾ. ನಿಮ್ಮವ್ವ ಎಷ್ಟು ಥರ ಸೊಪ್ಪಿನ ಹೆಸರು ಹೇಳ್ತಿದ್ದರು ಅಂತ ಕೇಳಿದೆ. ಫೋನಿನಲ್ಲೇ ಹನ್ನೊಂದು ಹೇಳಿದರು, ಎರಡು ನಾನು ಕೇಳೇ ಇರಲಿಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರು, ನಿಮ್ಮ ಕೇರಿಯ ಅಜ್ಜಿಯರನ್ನ ಕೇಳಿ ಕಾಮೆಂಟಿನಲ್ಲಿ ಸೊಪ್ಪಿನ ಹೆಸರು ಹಾಕಿ. ಕನ್ನಡದಲ್ಲಿ ಗೊತ್ತಿಲ್ಲ ಅಂದ್ರೆ ತೆಲುಗಿನಲ್ಲೇ ಹಾಕಿ. ಎಲ್ಲಿ ಬೆಳೆಯುತ್ತೆ, ಯಾವ ತಿಂಗಳು, ಸಾರಿಗೋ ಪಲ್ಯಕ್ಕೋ, ಸಾಧ್ಯ ಆದ್ರೆ ಫೋಟೋ. ನಾನೊಂದು ರಿಜಿಸ್ಟರ್ ತೆರೆದಿದ್ದೇನೆ.